ಫ್ರಿಜ್ಜಿನ ಮೇಲಿನ ಏಳು ಸಾಲು: ಹಾಲಿನ ಟೀಗೊಂದು ವ್ಯಾಖ್ಯಾನ

ಚಾಮರಾಜಪೇಟೆಯ ನಮ್ಮ ಅಕ್ಕನ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುಗಿಸಿ ಅಂಟಿಸಿದ್ದಾರೆ. ತೂಕ ಇಳಿಸಬೇಕೆಂದು ಡಯಟ್ ಶುರುಮಾಡಿದಾಗ ಆಹಾರತಜ್ಞೆಯೊಬ್ಬರು ಹೇಳಿದ್ದನ್ನು ಅಕ್ಕ ಕೇಳಿಸಿಕೊಳ್ಳುತ್ತಲೇ ಬರೆದುಕೊಂಡ ಏಳು ಸಾಲು ಅದರಲ್ಲಿವೆ. ಏಳೂ ಟೀ ಕುರಿತವೇ. ಸಾಲುಗಳು ಚಿಕ್ಕವು, ಹಾಗಾಗಿ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಂಡರು. ಭಾವ, "ಹಾಲು ಬಿಡು ಅಂದಿದ್ದಾರೆ" ಎಂದರು. ಅಕ್ಕನ ಅತ್ತೆಯವರು, "ಬೆಲ್ಲ ಹಾಕ್ಕೊಂಡ್ರೆ ಏನೂ ಆಗಲ್ಲ ಕಣಮ್ಮ" ಎಂದರು. ಅಕ್ಕ ಮೂರು ವಾರ ಹಾಲಿಲ್ಲದ ಟೀ ಕುಡಿದಳು. ಒಗರು ತಡೆಯಲಾರದೆ ಎರಡು ಚಮಚದ ಜಾಗಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಂಡಳು. ಎದೆಯುರಿ ಬಂತು, ತೂಕ ಕದಲಲಿಲ್ಲ. ಆಮೇಲೆ ಒಂದು ಭಾನುವಾರ ನಾವಿಬ್ಬರೂ ಕೂತು ಆ ಹಾಳೆಯನ್ನು ಸಾಲು ಸಾಲಾಗಿ ಬಿಡಿಸಿ ಓದಿದೆವು. ಇದೇ ಗೊಂದಲ ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಅಡುಗೆಮನೆಗಳಲ್ಲೂ ಇದೆ ಎಂದು ನನಗೆ ಗೊತ್ತು. ಹಾಗಾಗಿ ಆ ಓದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಸಾಲು 1: ಹಾಲಿನ ಟೀ ಕಡಿಮೆ ಮಾಡಿ.

ಇಲ್ಲಿ ತೂಕವಿರುವ ಮಾತು "ಕಡಿಮೆ". ಅದನ್ನು "ಬಿಡಿ" ಎಂದು ಓದಿದ್ದೇ ಮೊದಲ ತಪ್ಪು. ನಮ್ಮ ಹಿರಿಯರು ಡಯಟ್ಟಿಗೆ ಪಥ್ಯ ಎನ್ನುತ್ತಿದ್ದರು. ಪಥ ಎಂದರೆ ದಾರಿ, ದಾರಿಗೆ ಒಪ್ಪುವಂಥದ್ದು ಪಥ್ಯ. ಬಾಣಂತಿಗೆ, ಜ್ವರ ಬಿಟ್ಟವರಿಗೆ ಪಥ್ಯದೂಟ ಬಡಿಸುತ್ತಿದ್ದರೇ ಹೊರತು ಉಪವಾಸ ಕೆಡವುತ್ತಿರಲಿಲ್ಲ. ಬಿಡುವುದು ಕೆಲವೇ ದಿನದ ಮಾತು. ತೂಕ ಇಳಿಯುವುದು ತಿಂಗಳುಗಟ್ಟಲೆಯ ಕೆಲಸ, ಅಷ್ಟು ಕಾಲ ನಡೆಸಿಕೊಂಡು ಹೋಗಲಾಗದ ಪಥ್ಯ ಪಥ್ಯವಾಗುವುದಿಲ್ಲ.

ಮುಂದಿನ ಪ್ರಶ್ನೆ: ಎಷ್ಟರಿಂದ ಎಷ್ಟಕ್ಕೆ ಕಡಿಮೆ? ಎಣಿಸಿದೆವು. ಎದ್ದ ಕೂಡಲೇ ಒಂದು, ತಿಂಡಿಯ ಹೊತ್ತಿಗೆ ಒಂದು, ಹನ್ನೊಂದು ಗಂಟೆಗೆ ಒಂದು, ನಾಲ್ಕಕ್ಕೆ ಒಂದು, ಭಾವ ಆಫೀಸಿನಿಂದ ಬಂದಾಗ ಅವರ ಜೊತೆಗೆ ಇನ್ನೊಂದು. ಒಟ್ಟು ಐದು. ಅಕ್ಕನ ಸ್ಟೀಲ್ ಲೋಟಕ್ಕೆ ನೀರು ತುಂಬಿ, ಆ ನೀರನ್ನು ಕೆಮ್ಮಿನ ಔಷಧಿಯ ಅಳತೆ ಮುಚ್ಚಳದಲ್ಲಿ ಅಳೆದು ನೋಡಿದೆ. 180 ಮಿಲಿಲೀಟರ್ ಇತ್ತು. ಅದರಲ್ಲಿ ಅರ್ಧ ಹಾಲು, ಅಂದರೆ 90 ಮಿಲಿಲೀಟರ್. ಟೋನ್ಡ್ ಹಾಲಾದರೆ ಅಷ್ಟಕ್ಕೆ ಸುಮಾರು 52 ಕ್ಯಾಲರಿ. ಎರಡು ಚಮಚ ಸಕ್ಕರೆ, 10 ಗ್ರಾಂ, 40 ಕ್ಯಾಲರಿ. ಟೀ ಸೊಪ್ಪಿನದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಲೋಟಕ್ಕೆ 92, ಐದಕ್ಕೆ 460. ಲಾಲ್‌ಬಾಗಿನಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆದರೆ 70 ಕೆ.ಜಿ. ತೂಕದವರಿಗೆ ಖರ್ಚಾಗುವುದು ಸುಮಾರು 140. ಬೆಳಗಿನ ನಡಿಗೆಯನ್ನೆಲ್ಲ ಮಧ್ಯಾಹ್ನದೊಳಗೆ ಟೀ ತಿಂದುಹಾಕುತ್ತಿತ್ತು.

ಹಾಗಾದರೆ ಹಾಲು ಬಿಟ್ಟ ಮೂರು ವಾರ ಏನಾಯಿತು? ಐದು ಲೋಟಕ್ಕೆ ಮೂರು ಮೂರು ಚಮಚ ಸಕ್ಕರೆ: 75 ಗ್ರಾಂ, 300 ಕ್ಯಾಲರಿ. ಉಳಿದದ್ದು 160. ಹಾಲಿಲ್ಲದ ಟೀ ಹೊಟ್ಟೆಗೆ ನಿಲ್ಲುವುದಿಲ್ಲವೆಂದು ಪ್ರತಿ ಸಲವೂ ಎರಡು ಮಾರಿ ಬಿಸ್ಕೆಟ್ ಜೊತೆಗೂಡಿದವು. ಒಂದು ಬಿಸ್ಕೆಟ್ಟಿಗೆ ಅಂದಾಜು 25 ಕ್ಯಾಲರಿಯೆಂದರೂ ಹತ್ತಕ್ಕೆ 250. ಉಳಿಸಿದ್ದಕ್ಕಿಂತ ಹೆಚ್ಚೇ ಒಳಗೆ ಹೋಗಿತ್ತು.

ಈ ಸಾಲಿಗೆ ಬೇಕಾದ ಪರಿಹಾರ ನಮ್ಮ ಊರಿನಲ್ಲೇ ಇದೆ. ಅದರ ಹೆಸರು ಬೈಟು. ಇಬ್ಬರು ಹೋಟೆಲಿಗೆ ಹೋಗಿ "ಒಂದು ಬೈಟು" ಎಂದರೆ ಒಂದೇ ಕಾಫಿ ಅಥವಾ ಟೀ ಎರಡು ಚಿಕ್ಕ ಲೋಟಕ್ಕೆ ಹಂಚಿ ಬರುತ್ತದೆ. ಬಿಸಿ ಅದೇ, ರುಚಿ ಅದೇ, ಎದುರಿಗೆ ಕೂತವರೊಡನೆ ಮಾತೂ ಅಷ್ಟೇ ಹೊತ್ತು, ಅಳತೆ ಮಾತ್ರ ಅರ್ಧ. ಮನೆಯಲ್ಲೂ ಅದನ್ನೇ ಮಾಡಿ ಎಂದು ಈ ಸಾಲಿಗೆ ಅರ್ಥ. ಈಗ ರಜೆಯ ದಿನ ಸಂಜೆಯ ಟೀಯನ್ನು ಅಕ್ಕ ಭಾವ ಬೈಟು ಮಾಡಿಕೊಳ್ಳುತ್ತಾರೆ.

ಸಾಲು 2: ಸಕ್ಕರೆ ಅರ್ಧ ಚಮಚ.

ಏಳರಲ್ಲಿ ಗಟ್ಟಿಯಾದ ಸಾಲು ಇದು, ಮನೆಯವರೆಲ್ಲ ಬೇಗ ದಾಟಿ ಹೋದದ್ದೂ ಇದನ್ನೇ. ಹಾಲು ಹೊತ್ತು ತರುವ ಕ್ಯಾಲರಿಯ ಜೊತೆ ಪ್ರೋಟೀನ್ ಇದೆ, ಕ್ಯಾಲ್ಸಿಯಂ ಇದೆ. ಸಕ್ಕರೆ ತರುವುದು ಕ್ಯಾಲರಿ ಒಂದನ್ನೇ. ದಿನದ ಒಟ್ಟು ಆಹಾರದ ಶಕ್ತಿಯಲ್ಲಿ ಹೊರಗಿನಿಂದ ಸೇರಿಸಿದ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2,000 ಕ್ಯಾಲರಿಯ ಊಟಕ್ಕೆ ಶೇ. 10 ಎಂದರೆ 50 ಗ್ರಾಂ. ಎರಡು ಚಮಚದ ಐದು ಲೋಟ ಟೀಯಲ್ಲೇ ಆ 50 ಗ್ರಾಂ ಮುಗಿದುಹೋಗುತ್ತದೆ. ಹಬ್ಬದ ಹೋಳಿಗೆ, ಹುಟ್ಟುಹಬ್ಬದ ಕೇಕು ಇನ್ನೂ ಎಣಿಕೆಗೇ ಬಂದಿಲ್ಲ.

ಅತ್ತೆಯವರ ಬೆಲ್ಲದ ಮಾತಿಗೂ ಇಲ್ಲೇ ಉತ್ತರ ಹೇಳಬೇಕು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಉಂಟು, ನಿಜ. ಆದರೆ 100 ಗ್ರಾಂ ಸಕ್ಕರೆಗೆ 400 ಕ್ಯಾಲರಿಯಾದರೆ ಬೆಲ್ಲಕ್ಕೆ ಸುಮಾರು 380. ತೂಕದ ದೃಷ್ಟಿಯಿಂದ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬೆಲ್ಲದ ಪರಿಮಳ ಬೇಕೆನ್ನುವವರು ಹಾಕಿಕೊಳ್ಳಲಿ, ಚಮಚದ ಲೆಕ್ಕ ಅದಕ್ಕೂ ಅಷ್ಟೇ. ಕುದಿಯುವ ಟೀಗೆ ಬೆಲ್ಲ ಹಾಕಿದರೆ ಹಾಲು ಒಡೆಯುವುದುಂಟು, ಒಲೆ ಆರಿಸಿ ಹಾಕಿ.

ಎರಡರಿಂದ ಅರ್ಧಕ್ಕೆ ಒಂದೇ ದಿನದಲ್ಲಿ ಇಳಿಯಲು ಹೋಗಬೇಡಿ. ಅಕ್ಕ ವಾರಕ್ಕೆ ಅರ್ಧ ಚಮಚದಂತೆ ಇಳಿಸಿದಳು. ಮೊದಲ ವಾರ ಸಪ್ಪೆ ಎನಿಸಿತು. ಶುಂಠಿ ಜಜ್ಜಿ ಹಾಕಿದಳು, ಒಂದು ಏಲಕ್ಕಿ ಕುಟ್ಟಿ ಹಾಕಿದಳು. ನಾಲ್ಕನೇ ವಾರ ನೆಂಟರ ಮನೆಯಲ್ಲಿ ಕೊಟ್ಟ ಟೀ ಅವಳಿಗೆ ಪಾಯಸದಂತೆ ಕಂಡಿತು. ನಾಲಿಗೆಯೂ ಪಥ್ಯಕ್ಕೆ ಒಗ್ಗುತ್ತದೆ, ಅದಕ್ಕೆ ಸಮಯ ಕೊಡಬೇಕು.

ಸಾಲು 3: ನೀಲಿ ಪ್ಯಾಕೆಟ್ಟೇ ಸಾಕು.

ನಮ್ಮ ಕಡೆ ಹಾಲು ಎಂದರೆ ಬಣ್ಣ. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಅದರಲ್ಲಿ ಶೇ. 3 ಕೊಬ್ಬು. ಕೇಸರಿ ಬಣ್ಣದ ಶುಭಂನಲ್ಲಿ ಶೇ. 4.5. ಕೆನೆಭರಿತ ಹಾಲೆಂದು ಮಾರುವುದರಲ್ಲಿ ಶೇ. 6. ಡಬಲ್ ಟೋನ್ಡ್ ಹಾಲಿನಲ್ಲಿ ಶೇ. 1.5. ಕೊಬ್ಬಿನ ಈ ವ್ಯತ್ಯಾಸದಿಂದಲೇ 100 ಮಿಲಿಲೀಟರ್ ಡಬಲ್ ಟೋನ್ಡ್ ಹಾಲಿಗೆ 47ರ ಹತ್ತಿರ ಕ್ಯಾಲರಿ, ಟೋನ್ಡ್‌ಗೆ 58, ಕೆನೆಭರಿತ ಹಾಲಿಗೆ 87. ಟೀ ಗಟ್ಟಿಯಾಗಿ ಬರಲೆಂದು ಟೀಗೇ ಬೇರೆ ಕೆನೆಹಾಲು ತರುತ್ತಿದ್ದವರು ಅದನ್ನು ನಿಲ್ಲಿಸಿದರೆ ಸಾಕು. ಮನೆಯಲ್ಲಿ ಮೊದಲಿನಿಂದ ನೀಲಿಯೇ ಬರುತ್ತಿದ್ದರೆ ಬದಲಿಸುವ ಅಗತ್ಯವಿಲ್ಲ. ಎರಡು ಚಿಕ್ಕ ಲೋಟ ಟೀಯಲ್ಲಿ ಟೋನ್ಡ್‌ಗೂ ಡಬಲ್ ಟೋನ್ಡ್‌ಗೂ ಇರುವ ಅಂತರ ಹದಿನೈದು ಕ್ಯಾಲರಿಯೂ ಆಗದು.

ಸಸ್ಯಾಹಾರದ ಮನೆಗಳಿಗೆ ಈ ಸಾಲಿನಲ್ಲಿ ಇನ್ನೊಂದು ಸೂಚನೆಯಿದೆ. ಅನ್ನ, ಸಾರು, ಪಲ್ಯದ ಊಟದಲ್ಲಿ ಪ್ರೋಟೀನ್ ಮೊದಲೇ ಕಡಿಮೆ. ಅಲ್ಲಿ ಹಾಲು, ಮೊಸರು, ಬೇಳೆಕಾಳೇ ಆಧಾರ. ಡಯಟ್ ನೆಪದಲ್ಲಿ ಹಾಲನ್ನು ಪೂರ್ತಿ ಕೈಬಿಟ್ಟರೆ ಮೈಯಲ್ಲಿ ಕರಗುವುದು ಕೊಬ್ಬು ಮಾತ್ರವಲ್ಲ, ಮಾಂಸಖಂಡವೂ ಕರಗುತ್ತದೆ.

ಹಾಲು ಬೆರೆಸಿದರೆ ಟೀಯ ಗುಣವೇ ಹೋಗುತ್ತದೆ ಎಂಬ ಮಾತೂ ಕೇಳಿಬರುತ್ತದೆ. 2007ರಲ್ಲಿ ಬರ್ಲಿನ್ನಿನ ಸಂಶೋಧಕರು 16 ಮಹಿಳೆಯರ ಮೇಲೆ ನಡೆಸಿದ ಅಧ್ಯಯನದಲ್ಲಿ, ಕರಿ ಟೀಯಿಂದ ರಕ್ತನಾಳ ಸಡಿಲಗೊಳ್ಳುವ ಗುಣ ಹಾಲು ಸೇರಿಸಿದಾಗ ಕಾಣಲಿಲ್ಲ. ಅದು ರಕ್ತನಾಳದ ಪರೀಕ್ಷೆ. ತೂಕದ ಪ್ರಶ್ನೆಗೆ ಅದರಲ್ಲಿ ಉತ್ತರ ಹುಡುಕಬಾರದು.

ಸಾಲು 4: ಟೀ ಜೊತೆ ಕುರುಕಲು ಬೇಡ.

ಹಳೇ ಬೆಂಗಳೂರಿನಲ್ಲಿ ಪಾಲಿಸಲು ಕಷ್ಟವಾದ ಸಾಲು ಇದೇ. ಗಾಂಧಿ ಬಜಾರಿನಲ್ಲಿ ಸುಬ್ಬಮ್ಮನ ಅಂಗಡಿಯ ಕೋಡುಬಳೆ, ನಿಪ್ಪಟ್ಟು, ಹುರಿಗಾಳು. ವಿ.ವಿ. ಪುರದ ವಿ.ಬಿ. ಬೇಕರಿಯ ಖಾರಾ ಬನ್ನು, ಕಾಂಗ್ರೆಸ್ ಕಡಲೆಕಾಯಿ. ಮಲ್ಲೇಶ್ವರದಲ್ಲಿ ಯಾವ ಕ್ರಾಸಿಗೆ ತಿರುಗಿದರೂ ಒಂದು ಅಯ್ಯಂಗಾರ್ ಬೇಕರಿ. ಈ ರುಚಿಗಳು ನಮ್ಮ ಬಾಲ್ಯದ ಭಾಗ. ಅವನ್ನು ದೂಷಿಸುವ ಮನಸ್ಸು ನನಗಿಲ್ಲ.

ಆದರೂ ಸತ್ಯ ಹೇಳಬೇಕು. ಟೀಯಿಂದ ತೂಕ ಏರಿತು ಎನ್ನುವವರಲ್ಲಿ ಬಹಳ ಮಂದಿಗೆ ಏರಿದ್ದು ಟೀ ಪಕ್ಕದ ತಟ್ಟೆಯಿಂದ. ಕರಿದ ನಿಪ್ಪಟ್ಟು ಎಣ್ಣೆ ಕುಡಿದಿರುತ್ತದೆ, ಬನ್ನು ಪೂರಾ ಮೈದಾ, ರಸ್ಕು ನೋಡಲು ಒಣಗಿದ್ದರೂ ಮೈದಾ ಸಕ್ಕರೆಗಳದೇ ಮಾಲು. ಟೀ ಐದು ನಿಮಿಷದಲ್ಲಿ ಮುಗಿಯುತ್ತದೆ, ಡಬ್ಬಿಯ ಮುಚ್ಚಳ ತೆರೆದೇ ಇರುತ್ತದೆ, ಕೈ ಹೋಗುತ್ತಲೇ ಇರುತ್ತದೆ. ಎಷ್ಟು ತಿಂದೆವೆಂಬುದು ಡಬ್ಬಿ ಬರಿದಾದಾಗಲೇ ತಿಳಿಯುವುದು. ಟೀ ಲೋಟ ಎಣಿಸುವವರು ಈ ತಟ್ಟೆಯನ್ನೂ ಎಣಿಸಬೇಕು.

ಹಾಗಾಗಿ ಈ ಸಾಲನ್ನು ಹೀಗೆ ಓದಿಕೊಳ್ಳಿ: ಟೀಯನ್ನು ಟೀಯಾಗಿ ಕುಡಿಯಿರಿ, ಕುರುಕಲನ್ನು ವಾರಕ್ಕೊಮ್ಮೆ ತಿಂಡಿಯಾಗಿ ತಟ್ಟೆಗೆ ಹಾಕಿಕೊಂಡು ತಿನ್ನಿ. ಎರಡರ ಜೋಡಿ ಬಿಡಿಸಿದರೆ ಅರ್ಧ ಕೆಲಸ ಆದ ಹಾಗೆ.

ಸಾಲು 5: ಊಟಕ್ಕೂ ಟೀಗೂ ಒಂದು ಗಂಟೆ ಅಂತರ.

ತೂಕಕ್ಕಿಂತ ರಕ್ತಕ್ಕೆ ಸಂಬಂಧಿಸಿದ ಸಾಲಿದು. ಸೊಪ್ಪು, ಕಾಳು, ರಾಗಿಯಿಂದ ಬರುವ ಕಬ್ಬಿಣಾಂಶಕ್ಕೆ ಟೀಯ ಟ್ಯಾನಿನ್ ಅಂಟಿಕೊಂಡರೆ ಅದು ಮೈಗೆ ಸರಿಯಾಗಿ ಸೇರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಟೀ ಕಾಫಿ ಬೇಡ ಎಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಡಯಟ್ ಎಂದು ಊಟ ಕಡಿಮೆ ಮಾಡಿದವರು, ತಿನ್ನುವ ಅಷ್ಟರ ಸತ್ವವನ್ನೂ ಟೀಗೆ ಒಪ್ಪಿಸಬಾರದು. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಅದರ ಹುಳಿ ಕಬ್ಬಿಣ ಸೇರಲು ನೆರವಾಗುತ್ತದೆ.

ಸಾಲು 6: ಹಸಿವಿಗೆ ಟೀ ಅಲ್ಲ.

ಮೊದಲೆಲ್ಲ ಬೆಳಿಗ್ಗೆ ಏಳೂವರೆಗೆ ಅಕ್ಕನ ಅಡುಗೆಮನೆ ನೋಡಬೇಕಿತ್ತು. ಮಗನ ಡಬ್ಬಿ, ಭಾವನ ಡಬ್ಬಿ, ಅತ್ತೆಯವರಿಗೆ ಮೆತ್ತಗಿನ ಇಡ್ಲಿ. ಅವಳ ತಿಂಡಿ ಮಾತ್ರ ಪಾತ್ರೆಯಲ್ಲೇ ಉಳಿದಿರುತ್ತಿತ್ತು. ನಿಂತಲ್ಲೇ ಒಂದು ಲೋಟ ಟೀ ಕುಡಿದರೆ ಹಸಿವು ಸಾಯುತ್ತಿತ್ತು, ಕೆಲಸ ಸಾಗುತ್ತಿತ್ತು. ಹನ್ನೊಂದಕ್ಕೆ ಆ ಹಸಿವು ದುಪ್ಪಟ್ಟಾಗಿ ಎದ್ದು ಬರುತ್ತಿತ್ತು. ಆಗ ಉಳಿದ ಚಿತ್ರಾನ್ನ, ಅದರ ಹಿಂದೆ ಇನ್ನೊಂದು ಟೀ.

ನನಗೆ ಈ ಸಾಲು ಓದಿದಾಗ ಸಂಕಟವಾಯಿತು. ಹೆಂಗಸರು ಟೀ ಜಾಸ್ತಿ ಕುಡಿಯುತ್ತಾರೆ ಎಂದು ಸುಲಭವಾಗಿ ಹೇಳುತ್ತೇವೆ. ಅವರು ಕೂತು ತಿಂಡಿ ತಿನ್ನಲು ಹತ್ತು ನಿಮಿಷ ಯಾರೂ ಬಿಟ್ಟುಕೊಡುವುದಿಲ್ಲ. ಈ ಸಾಲನ್ನು ಪಾಲಿಸಬೇಕಾದದ್ದು ಡಯಟ್ ಮಾಡುವವರೊಬ್ಬರೇ ಅಲ್ಲ, ಮನೆಯವರೆಲ್ಲ. ಭಾವ ಈಗ ತಮ್ಮ ಡಬ್ಬಿ ತಾವೇ ತುಂಬಿಕೊಳ್ಳುತ್ತಾರೆ. ಅಕ್ಕ ಎಂಟಕ್ಕೆ ಕೂತು ಇಡ್ಲಿ, ಸಾಂಬಾರ್ ತಿನ್ನುತ್ತಾಳೆ. ಟೀ ಒಂಬತ್ತೂವರೆಗೆ. ಹನ್ನೊಂದರ ಟೀ ತಾನಾಗಿಯೇ ನಿಂತುಹೋಯಿತು. ಬಾಯಾರಿದರೆ ನೀರು ಅಥವಾ ನೀರುಮಜ್ಜಿಗೆ.

ಸಾಲು 7: ಸಂಜೆ ಐದರ ಮೇಲೆ ಬೇಡ.

ಒಳಗೆ ಹೋದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಏಳು ಗಂಟೆಯ ಟೀ ನಡುರಾತ್ರಿಯವರೆಗೂ ಅರ್ಧ ಎಚ್ಚರವಾಗಿರುತ್ತದೆ. ನಿದ್ದೆ ಕಡಿಮೆಯಾದ ಮರುದಿನ ಹಸಿವು ಹೆಚ್ಚು, ಸಿಹಿಯ ಆಸೆ ಇನ್ನೂ ಹೆಚ್ಚು. ಅದಕ್ಕಾಗಿ ಅಕ್ಕನ ಮನೆಯ ಬೈಟು ಈಗ ನಾಲ್ಕೂವರೆಗೆ, ರಜೆಯ ದಿನಗಳಲ್ಲಿ ಮಾತ್ರ. ಉಳಿದ ದಿನ ಅಷ್ಟೇ ಅಳತೆಯನ್ನು ಅವಳು ಒಬ್ಬಳೇ ಕುಡಿಯುತ್ತಾಳೆ.

ಏಳೂ ಸಾಲನ್ನು ಕೂಡಿಸಿದಾಗ ಸಿಗುವ ತೀರ್ಪು ಇಷ್ಟು. ಡಯಟ್ ಮಾಡುವವರು ಹಾಲಿನ ಟೀಯನ್ನು ಕಡಿಮೆ ಮಾಡಬೇಕು, ಬಿಡಬೇಕಾಗಿಲ್ಲ. ಮೊದಲು ಇಳಿಯಬೇಕಾದ್ದು ಸಕ್ಕರೆ, ಆಮೇಲೆ ಕುರುಕಲು, ಆಮೇಲೆ ಲೋಟದ ಅಳತೆ ಮತ್ತು ಎಣಿಕೆ. ಹಾಲು ಕೊನೆಯದು. 120 ಮಿಲಿಲೀಟರಿನ ಚಿಕ್ಕ ಲೋಟ, ಅರ್ಧ ಹಾಲು, ಅರ್ಧ ಚಮಚ ಸಕ್ಕರೆ: ಸುಮಾರು 45 ಕ್ಯಾಲರಿ. ದಿನಕ್ಕೆ ಎರಡಾದರೆ 90. ಮೊದಲಿದ್ದ 460ಕ್ಕೆ ಹೋಲಿಸಿದರೆ ದಿನಾಲೂ 370 ಉಳಿಯಿತು, ಟೀಯೂ ಉಳಿಯಿತು. ಸಕ್ಕರೆ ಕಾಯಿಲೆ, ರಕ್ತಹೀನತೆ, ಹೊಟ್ಟೆಹುಣ್ಣು ಇರುವವರು ತಮ್ಮ ವೈದ್ಯರನ್ನು ಕೇಳಿಯೇ ಬದಲಾವಣೆ ಮಾಡಿಕೊಳ್ಳಲಿ.

ನಿಮ್ಮಲ್ಲಿ ಒಂದೇ ಕೋರಿಕೆ. ನಾಳೆ ಬೆಳಿಗ್ಗೆ ಟೀ ಸೋಸುವ ಮೊದಲು ನಿಮ್ಮ ಲೋಟಕ್ಕೆ ನೀರು ತುಂಬಿ ಎಷ್ಟು ಹಿಡಿಯುತ್ತದೆಂದು ಅಳೆದು ನೋಡಿ. ಸಕ್ಕರೆ ಡಬ್ಬಿಯಲ್ಲಿರುವ ಚಮಚ ಎಷ್ಟು ದೊಡ್ಡದೆಂದೂ ನೋಡಿ. ನಿಮ್ಮ ಪಥ್ಯ ಅಲ್ಲಿಂದ ಶುರುವಾಗಲಿ.