ಒಳಗೊಂದು ಹೆಸರು, ಹೊರಗೊಂದು ಹೆಸರು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಗೆಜ್ಜಲಗೆರೆ ಎಂದರೆ ಮನ್‌ಮುಲ್ ಡೇರಿ. ಕೈಗಾರಿಕಾ ಪ್ರದೇಶ ನೆನಪಾಗುವುದು ಅಲ್ಲಿ ದುಡಿಯುವವರಿಗೆ. ಅಂಥ ಕಡೆಯ ಸಣ್ಣ ಕಂಪನಿಯೊಂದರಲ್ಲಿ ಹಳೆಯ ಸರ್ವರ್ ಇನ್ನೂ ಓಡುತ್ತಿದೆ ಎನ್ನಿ. ಅದರ ಒಳಹೆಸರು ‘ಡಾಟ್ ಲೋಕಲ್’ ಎಂದು ಮುಗಿಯುವ ಸಂಭವವೇ ಹೆಚ್ಚು. ಸ್ಮಾಲ್ ಬಿಸಿನೆಸ್ ಸರ್ವರ್ 2003 ಕೂರಿಸುವಾಗ ಮೈಕ್ರೋಸಾಫ್ಟೇ ಆ ಬಾಲವನ್ನು ಸೂಚಿಸುತ್ತಿತ್ತು. ಗಿರಾಕಿಗಳ ಕೈಯಲ್ಲಿರುವ ವಿಳಾಸ ಮಾತ್ರ ‘ಡಾಟ್ ಕೋ ಡಾಟ್ ಇನ್’. ಮನೆಯಲ್ಲಿ ಪುಟ್ಟ, ಪಹಣಿಯಲ್ಲಿ ಪುಟ್ಟಸ್ವಾಮಿಗೌಡ ಇದ್ದ ಹಾಗೆ. ತಪ್ಪೇನಿಲ್ಲ, ಪುಟ್ಟ ಅಂತ ಸಹಿ ಹಾಕಿ ಬ್ಯಾಂಕಿಗೆ ಹೋಗದಿದ್ದರೆ ಸರಿ. ಡಾಟ್ ಲೋಕಲ್ ವಿಳಾಸದಿಂದ ಹೊರಟ ಮೇಲನ್ನು ಎಷ್ಟೋ ಸರ್ವರುಗಳು ಅಂಥ ಡೊಮೈನೇ ಇಲ್ಲವೆಂದು ಬಾಗಿಲಲ್ಲೇ ತಿರುಗಿಸುತ್ತವೆ.

ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದ, 1998ರಲ್ಲಿ ಹೊರಬಂದ ಮೇಲ್ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್ ನನಗೆ ಅಚ್ಚುಮೆಚ್ಚಾಗಲು ಒಂದು ಕಾರಣ ಇಲ್ಲಿದೆ. ವಿಳಾಸ ಬದಲಿಸಲು ಅದರಲ್ಲಿರುವ ದಾರಿಗಳಲ್ಲಿ ಎರಡು ಇಲ್ಲಿ ಮುಖ್ಯ. ಕೆನಾನಿಕಲ್ ಪಟ್ಟಿ ಮೇಲ್ ಒಳಬಂದ ಕೂಡಲೇ ಹೆಸರು ತಿದ್ದಿಬಿಡುತ್ತದೆ. ಆಫೀಸಿನೊಳಗೇ ಓಡಾಡುವ ಕಾಗದವನ್ನೂ ಬಿಡುವುದಿಲ್ಲ. ಜೆನೆರಿಕ್ ಪಟ್ಟಿಯದು ನಯವಾದ ಕೆಲಸ: ಮೇಲ್ ಎಸ್‌ಎಂಟಿಪಿ ಮೂಲಕ ಹೊರಡುವ ಗಳಿಗೆಯಲ್ಲಿ ಮಾತ್ರ ಹೊರಗಿನ ಹೆಸರು ತೊಡಿಸುತ್ತದೆ. ನನ್ನ ಮತ ಎರಡನೆಯದಕ್ಕೆ. ಒಳಬರುವ ಮೇಲಿಗೆ ಎರಡೂ ಡೊಮೈನುಗಳನ್ನು ತನ್ನವೆಂದು ಸರ್ವರ್ ಒಪ್ಪಿಕೊಂಡರಾಯಿತು.

ಆದರೆ ಜೆನೆರಿಕ್‌ನಲ್ಲೊಂದು ಗುಂಡಿ ಇದೆ, ಅನುಭವಸ್ಥರೂ ಬೀಳುತ್ತಾರೆ. ಮೇಲ್ ಆ ಡೊಮೈನಿನದೇ ಎಂದು ಸಾರುವ ಡಿಕಿಮ್ ಸಹಿ ಹಾಕುವ ಮಿಲ್ಟರ್ ಎಂಬ ಜೋಡಣೆ ಮೊದಲೇ ತನ್ನ ಕೆಲಸ ಮುಗಿಸಿರುತ್ತದೆ. ಆಮೇಲೆ ‘ಫ್ರಮ್’ ಸಾಲು ಬದಲಾದರೆ ಸಹಿ ಮುರಿಯಿತು, ಮೇಲ್ ಸ್ಪ್ಯಾಮ್ ಪಾಲಾದರೂ ಅಚ್ಚರಿಯಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ರಾಶಿ ರಾಶಿ ಮೇಲ್ ಕಳಿಸುವವರಿಗೆ ಈ ಸಹಿಯನ್ನು ಕಡ್ಡಾಯ ಮಾಡಿವೆ. ಹಾಗಾಗಿ ಒಳಗಿನ ಸರ್ವರ್ ಹೆಸರು ಬದಲಿಸಿ, ಮೇಲನ್ನು ಹೊರಗೆ ಕಳಿಸುವ ಗೇಟ್‌ವೇ ಸರ್ವರಿಗೆ ದಾಟಿಸಲಿ, ಸಹಿಯನ್ನು ಗೇಟ್‌ವೇ ಹಾಕಲಿ. ಆ ಗೇಟ್‌ವೇ ಹೆಲೋ ಎನ್ನುವಾಗ ಹೇಳುವ ಹೆಸರೂ ಹೊರಗಿನದೇ ಇರಬೇಕು, ಅದರ ಐಪಿಯಿಂದ ಹೆಸರು ತೋರುವ ಪಿಟಿಆರ್ ದಾಖಲೆ ಅದಕ್ಕೆ ತಾಳೆಯಾಗಬೇಕು. ಪಿಟಿಆರ್ ಸಾಮಾನ್ಯವಾಗಿ ಇಂಟರ್ನೆಟ್ ಕೊಟ್ಟವರ ಕೈಯಲ್ಲಿರುತ್ತದೆ. ಬೆನ್ನು ಬೀಳದೆ ಆಗುವುದಿಲ್ಲ.

ಹೊಸದಾಗಿ ಸರ್ವರ್ ಹಾಕುವವರಿಗೆ ಡಾಟ್ ಲೋಕಲ್ ಸಹವಾಸವೇ ಬೇಡ. 2013ರಲ್ಲಿ ಅದನ್ನು ಪ್ರಿಂಟರು, ಫೋನುಗಳು ಒಂದನ್ನೊಂದು ಹುಡುಕಿಕೊಳ್ಳುವ ವ್ಯವಸ್ಥೆಗೆ ಮೀಸಲಿಟ್ಟಾಗಿದೆ. ಇಂಥ ಒಳಹೆಸರುಗಳಿಗೆ ಸಾರ್ವಜನಿಕ ಟಿಎಲ್‌ಎಸ್ ಪ್ರಮಾಣಪತ್ರ ಕೊಡುವುದೂ 2015ರ ನವೆಂಬರ್‌ಗೆ ನಿಂತಿತು. 2024ರಲ್ಲಿ ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ‘ಡಾಟ್ ಇಂಟರ್ನಲ್’ ಎಂಬ ಹೆಸರನ್ನು ಖಾಸಗಿ ಬಳಕೆಗೆಂದು ತೆಗೆದಿಟ್ಟಿದೆ, ನಿಜ. ಪ್ರಮಾಣಪತ್ರ ಅದಕ್ಕೂ ಸಿಗುವುದಿಲ್ಲ. ಕಾಸು ಕೊಟ್ಟು ಕೊಂಡ ಡೊಮೈನ್ ಇದ್ದೇ ಇದೆಯಲ್ಲ. ಅದರ ಮುಂದೆ ‘ಆಫೀಸ್’ ಎಂದು ಸೇರಿಸಿ ಒಳಹೆಸರು ಮಾಡಿಕೊಳ್ಳಿ.