ಸಣ್ಣ ಬಾಂಬು, ದೊಡ್ಡ ಕೋಲು

ಔರಾದ್ ತಾಲ್ಲೂಕಿನಲ್ಲಿ ಇಳುವರಿ ಅಂದರೆ ಸೋಯಾ, ಉದ್ದು, ಹೆಸರು, ತೊಗರಿ. ‘ಈ ಸಲ ಎಕರೆಕ್ಕ ಎಷ್ಟ್ ಕ್ವಿಂಟಲ್ ಬಂತ್ರಿ ಕಾಕಾ?’ ಅಂತ ಕೇಳಿದರೆ ಸಾಕು, ಮಾತು ಮಳೆ, ಬೀಜ, ಗೊಬ್ಬರ, ಸಾಲ ಎಲ್ಲ ಸುತ್ತಿಕೊಂಡು ಬರ್ತದೆ. ಇಂಗ್ಲಿಷಿನವರು ಇದಕ್ಕೆ ಯೀಲ್ಡ್ ಅಂತಾರೆ. ಅಣುಬಾಂಬು ಸಿಡಿದಾಗ ಹೊರಬೀಳುವ ಶಕ್ತಿಗೂ ಅವರ ಭಾಷೆಯಲ್ಲಿ ಯೀಲ್ಡ್ ಅನ್ನುವುದೇ ಹೆಸರು. ಕನ್ನಡದಲ್ಲಿ ನಾವು ಬಾಂಬಿಗೆ ಇಳುವರಿ ಅಂತ ಬರೆಯಲಿಲ್ಲ, ‘ಸ್ಫೋಟಕ ಸಾಮರ್ಥ್ಯ’ ಅಂತ ಬರೆದೆವು. ಒಳ್ಳೆಯದೇ ಆಯಿತು. ಆದರೆ ‘ಲೋ ಯೀಲ್ಡ್’ ಎಂಬ ಮಾತು ಬಂದಾಗ ನಮ್ಮ ಪತ್ರಿಕೆ, ಟಿವಿಗಳು ಆ ಎಚ್ಚರ ಇಟ್ಟುಕೊಳ್ಳಲಿಲ್ಲ. ‘ಸಣ್ಣ ಅಣುಬಾಂಬ್’, ‘ಮಿನಿ ನ್ಯೂಕ್’ ಅಂತ ಸಲೀಸಾಗಿ ಹೇಳಿಬಿಟ್ಟವು. ನನ್ನ ತಕರಾರು ಈ ‘ಸಣ್ಣ’ ಎಂಬ ವಿಶೇಷಣದ ಮೇಲೆ.

ವಸ್ತು ಏನು ಅಂತ ಮೊದಲು ನೋಡೋಣ. ಸಿಡಿಯುವ ಬಲವನ್ನು ಮೊದಲೇ ಹೆಚ್ಚು ಕಡಿಮೆ ಮಾಡಿ ಇಡಬಹುದಾದ ಅಣುಬಾಂಬುಗಳಿವೆ. ಹಳೇ ಟೆಲಿಫೋನಿನ ಡಯಲ್ ತಿರುಗಿಸಿದ ಹಾಗೆ ಅಂತ ಇದಕ್ಕೆ ‘ಡಯಲ್-ಎ-ಯೀಲ್ಡ್’ ಎಂಬ ಅಡ್ಡಹೆಸರೂ ಉಂಟು. ಅಮೆರಿಕದ ಬಿ-61 ಇದರಲ್ಲಿ ಹೆಸರಾದದ್ದು. 1960ರ ದಶಕದಲ್ಲಿ ಹುಟ್ಟಿದ ಆ ಬಾಂಬಿನ ಹೊಸ ರೂಪ ಬಿ-61-12. ಅದಕ್ಕೆ ನಾಲ್ಕು ಹಂತಗಳಿವೆ ಅಂತ ತಜ್ಞರ ಬರಹಗಳು ಹೇಳುತ್ತವೆ: 0.3, 1.5, 10 ಮತ್ತು 50 ಕಿಲೋಟನ್. ಮಾಡುವ ಬಗೆ ಸ್ಥೂಲವಾಗಿ ಹೀಗೆ. ಬಾಂಬಿನ ಮೊದಲ ಭಾಗದ ಒಳಗೆ ಡ್ಯುಟೀರಿಯಂ, ಟ್ರಿಟಿಯಂ ಎಂಬ ಅನಿಲಗಳನ್ನು ಬಿಡುತ್ತಾರೆ. ಅನಿಲ ಹೆಚ್ಚಿದ್ದರೆ ಸಿಡಿತ ಜೋರು, ಕಡಿಮೆ ಇದ್ದರೆ ಸಪ್ಪೆ. ಇನ್ನೂ ದೊಡ್ಡದು ಬೇಕಿದ್ದರೆ ಎರಡನೇ ಭಾಗಕ್ಕೂ ಬೆಂಕಿ ಹತ್ತಲು ಬಿಡುವುದು, ಬೇಡದಿದ್ದರೆ ಹತ್ತದಂತೆ ನೋಡಿಕೊಳ್ಳುವುದು. ಟ್ರಿಟಿಯಂ 12 ವರ್ಷ ಚಿಲ್ಲರೆಯಲ್ಲಿ ಅರ್ಧ ಕರಗಿಹೋಗುತ್ತದೆ, ಆಗಾಗ ತುಂಬಿಸುತ್ತಿರಬೇಕು. ಕನ್ನಡದಲ್ಲಿ ಔಷಧಿಗೂ ಮದ್ದು, ಸಿಡಿಸುವ ಪುಡಿಗೂ ಮದ್ದು. ಪ್ರಮಾಣ ನೋಡಿ ಕೊಡುವ ಡಾಕ್ಟರ ಭಾಷೆ ಬಾಂಬಿನವರಿಗೆ ಸುಲಭವಾಗಿ ಒಗ್ಗಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಈಗ ಆ 0.3 ಅಂದರೆ ಎಷ್ಟು? 300 ಟನ್ ಟಿಎನ್‌ಟಿ. ಭಾಲ್ಕಿ ಕಡೆ ಕಬ್ಬು ಅರೆಯುವ ಸೀಸನ್ನಿನಲ್ಲಿ ಕಾರ್ಖಾನೆ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುವುದನ್ನು ನೀವು ನೋಡಿರಬಹುದು. ಲಾರಿಗೆ ಹತ್ತು ಟನ್ನಿನಂತೆ 30 ಲಾರಿ ಸಿಡಿಮದ್ದು. ಒಂದೇ ಕ್ಷಣದಲ್ಲಿ, ಒಂದೇ ಜಾಗದಲ್ಲಿ. ಇದು ಡಯಲ್‌ನ ಅತ್ಯಂತ ಕೆಳಗಿನ ಗುರುತು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ದಾಸ್ತಾನಿಟ್ಟ ಅಮೋನಿಯಂ ನೈಟ್ರೇಟ್ ಸಿಡಿಯಿತಲ್ಲ, ಅದು ಸುಮಾರು ಅರ್ಧದಿಂದ ಒಂದು ಕಿಲೋಟನ್ ಅಂತ ಅಂದಾಜು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ವಿಕಿರಣ ಇರಲಿಲ್ಲ. ಆ ವಿಡಿಯೊ ಫೋನಿನಲ್ಲಿ ನೋಡಿದವರು ಯಾರೂ ‘ಸಣ್ಣದು’ ಅನ್ನಲಿಲ್ಲ.

ಅಂಕಿಗಳು ಮೋಸ ಮಾಡುವುದು ಇಲ್ಲೇ. 50ರಿಂದ 0.3ಕ್ಕೆ ಇಳಿಸಿದರೆ ಬಲ ಸುಮಾರು 167 ಪಟ್ಟು ಕಡಿಮೆ ಆಯಿತು. ಕೇಳಿದವರಿಗೆ ಸಮಾಧಾನ. ಆದರೆ ಸ್ಫೋಟದ ಹೊಡೆತ ಎಷ್ಟು ದೂರ ಹೋಗುತ್ತದೆ ಎಂಬುದು ಬಲದ ಘನಮೂಲದ ಲೆಕ್ಕದಲ್ಲಿ ಇಳಿಯುತ್ತದೆ. ಅಂದರೆ ದೂರ ಕಡಿಮೆಯಾಗುವುದು ಬರೀ ಐದೂವರೆ ಪಟ್ಟು. ಹಿರೋಷಿಮಾದ ಬಾಂಬು 15 ಕಿಲೋಟನ್, ಅಲ್ಲಿ ಪೂರ್ತಿ ನಾಶವಾದದ್ದು 1.6 ಕಿ.ಮೀ. ತ್ರಿಜ್ಯದ ಒಳಗೆ ಅನ್ನುತ್ತಾರೆ. ಅದೇ ಲೆಕ್ಕ ಹಿಡಿದರೆ 0.3ಕ್ಕೆ 400 ಮೀಟರಿಗಿಂತ ಸ್ವಲ್ಪ ಜಾಸ್ತಿ. ಬೀದರಿನ ಚೌಬಾರಾ ನಡುಬಿಂದು ಅಂತ ಇಟ್ಟುಕೊಳ್ಳಿ. ಅಲ್ಲಿಂದ ಗವಾನ್ ಮದರಸಾಕ್ಕೆ ನಡೆದರೆ ಐದಾರು ನಿಮಿಷ. ಹಳೇ ಊರಿನ ಓಣಿಗಳು, ಅಂಗಡಿ ಸಾಲು, ಒಂದರ ಬೆನ್ನಿಗೊಂದು ಅಂಟಿಕೊಂಡ ಮನೆಗಳು ಆ ಗೆರೆಯ ಒಳಗೇ. ಇನ್ನೊಂದು ಮಾತನ್ನು ಚರ್ಚೆಗಳಲ್ಲಿ ಹೇಳುವುದೇ ಇಲ್ಲ: ಬಾಂಬು ಇಷ್ಟು ಸಣ್ಣದಾದಾಗ ಹೊಡೆತಕ್ಕಿಂತ ಆ ಕ್ಷಣದ ವಿಕಿರಣವೇ ಹೆಚ್ಚು ದೂರ ಹೋಗಿ ಕೊಲ್ಲುತ್ತದೆ. ಗೋಡೆ ನಿಂತಿರುತ್ತದೆ, ಒಳಗಿನವರು ಕೆಲವು ದಿನಗಳಲ್ಲಿ, ವಾರಗಳಲ್ಲಿ ಹೋಗಿರುತ್ತಾರೆ.

ಮದರಸಾ ಹೆಸರು ಬಂತು. 1472ರ ಆ ಕಟ್ಟಡಕ್ಕೆ ಮುಂದೆ ಎರಡು ಮಿನಾರ್ ಇದ್ದವು, ಈಗ ಉಳಿದದ್ದು ಒಂದೇ. ಹದಿನೇಳನೇ ಶತಮಾನದ ಕೊನೆಗೆ, ಮೊಗಲರ ಕಾಲದಲ್ಲಿ, ಒಳಗೆ ಇಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಪಾಲೇ ಹಾರಿಹೋಯಿತು. ಅದಕ್ಕೂ ಮೊದಲು, 1657ರಲ್ಲಿ ಔರಂಗಜೇಬ್ ಕೋಟೆಗೆ ಮುತ್ತಿಗೆ ಹಾಕಿದಾಗಲೂ ಹೀಗೇ: ಕಿಲ್ಲೇದಾರ ಸಿದ್ದಿ ಮರ್ಜಾನ್ ತನ್ನದೇ ದಾಸ್ತಾನಿನ ಮದ್ದಿಗೆ ಕಿಡಿ ಬಿದ್ದು ಸುಟ್ಟು ಸತ್ತ, ಕೋಟೆ ಬಿತ್ತು. ತೋಪಿಗೆ ಎಷ್ಟು ಮದ್ದು ತುಂಬಬೇಕು ಅಂತ ಅಳೆದು ಹಾಕುವ ಕಸಬುದಾರರು ಆಗಲೂ ಇದ್ದರು. ಬೀದರಿನಲ್ಲಿ ದೊಡ್ಡ ನಷ್ಟ ಮಾಡಿದ್ದು ಅಳೆಯದೆ ಉಳಿದ ಮದ್ದು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದಿಲ್ಲ, ಆದರೆ ಡಯಲ್ ಬಗ್ಗೆ ಓದುವಾಗೆಲ್ಲ ಆ ಒಂಟಿ ಮಿನಾರ್ ಕಣ್ಣಮುಂದೆ ಬರ್ತದೆ.

2025ರ ಮೇ ತಿಂಗಳಲ್ಲಿ, ಗಡಿಯಲ್ಲಿ ಕ್ಷಿಪಣಿ, ಡ್ರೋನ್ ಹಾರಾಡಿದ ಆ ನಾಲ್ಕು ದಿನ, ಭಾಲ್ಕಿಯ ಒಂದು ಚಹಾದ ಅಂಗಡಿಯಲ್ಲಿ ಟಿವಿ ನೋಡುತ್ತಿದ್ದ ಹಿರಿಯರೊಬ್ಬರು ಕೇಳಿದರು: ‘ಅಲ್ರೀ, ಸಣ್ಣದ ಒಂದ್ ಹಾಕಿದ್ರ ಏನಾಗ್ತದ? ದೊಡ್ಡದ ಅಲ್ಲಲಾ.’ ಅವರನ್ನು ಅನ್ನುವುದರಲ್ಲಿ ಅರ್ಥವಿಲ್ಲ. ಪರದೆಯ ಮೇಲೆ ನಕಾಶೆ, ಕೆಂಪು ವೃತ್ತ, ‘ಸೀಮಿತ ಅಣು ದಾಳಿ’ ಎಂಬ ಅಕ್ಷರ. ಸೀಮಿತ ಎಂಬ ಪದ ನಮ್ಮ ಕಿವಿಗೆ ‘ಸೀಮಿತ ಅವಧಿಯ ರಿಯಾಯಿತಿ’ಯ ಹಾಗೆ ಕೇಳಿಸುತ್ತದೆ.

ಅವರ ಪ್ರಶ್ನೆಗೆ ಉತ್ತರ ನಮ್ಮ ಸರ್ಕಾರದ್ದೇ ಕಾಗದದಲ್ಲಿದೆ, ಟಿವಿಯವರು ಓದಿ ಹೇಳಬಹುದಿತ್ತು. ಪಾಕಿಸ್ತಾನ 2011ರಲ್ಲಿ ನಸ್ರ್ ಎಂಬ ಕ್ಷಿಪಣಿ ಪರೀಕ್ಷಿಸಿತು. ಯುದ್ಧಭೂಮಿಯಲ್ಲೇ ಬಳಸುವ ಸಣ್ಣ ಅಣುಸಿಡಿತಲೆಗಾಗಿ ಮಾಡಿದ್ದು ಅಂತ ಹೆಸರು. ವ್ಯಾಪ್ತಿ ಸುಮಾರು 60 ಕಿ.ಮೀ. ಬೀದರಿನಿಂದ ಔರಾದ್ ನಲವತ್ತು ಕಿ.ಮೀ. ಆಸುಪಾಸು, ಭಾಲ್ಕಿಯೂ ಅಷ್ಟೇ. ಕೆಂಪು ಬಸ್ಸಿನಲ್ಲಿ ಒಂದು ನಿದ್ದೆಯ ದಾರಿ. ಅಷ್ಟು ಹತ್ತಿರಕ್ಕೆ ಹಾಕುವ ಬಾಂಬು. ಭಾರತ 2003ರ ಜನವರಿ 4ರಂದು ಪ್ರಕಟಿಸಿದ ನೀತಿ ಎರಡು ಮಾತು ಹೇಳುತ್ತದೆ: ನಾವಾಗಿ ಮೊದಲು ಬಳಸುವುದಿಲ್ಲ, ನಮ್ಮ ನೆಲದ ಮೇಲಾಗಲಿ, ಎಲ್ಲೇ ಇರುವ ನಮ್ಮ ಸೇನೆಯ ಮೇಲಾಗಲಿ ಬಳಸಿದರೆ ಪ್ರತಿದಾಳಿ ಭಾರೀ ಆಗಿರುತ್ತದೆ. 2013ರಲ್ಲಿ ಮಾಜಿ ವಿದೇಶಾಂಗ ಕಾರ್ಯದರ್ಶಿ ಶ್ಯಾಮ್ ಶರಣ್ ಇದನ್ನೇ ಇನ್ನಷ್ಟು ಬಿಡಿಸಿ ಹೇಳಿದರು. ಬಾಂಬಿನ ಮೇಲೆ ಸಣ್ಣದು ಅಂತ ಚೀಟಿ ಇದೆಯೋ ದೊಡ್ಡದು ಅಂತ ಇದೆಯೋ ಅದು ನಮಗೆ ಲೆಕ್ಕಕ್ಕಿಲ್ಲ ಅಂತ. ಹಾವು ಸಣ್ಣದಿದ್ದರೂ ಕೋಲು ದೊಡ್ಡದಿರಬೇಕು ಅಂತಾರಲ್ಲ, ಆ ಮಾತಿನ ಸರ್ಕಾರಿ ರೂಪ. ನನಗೆ ಈ ನೀತಿಯೂ ನಿದ್ದೆ ತರುವುದಿಲ್ಲ. 0.3ಕ್ಕೆ ಉತ್ತರವಾಗಿ ಊರೂರುಗಳು ಅಂದರೆ ಅದನ್ನು ಹೊಗಳುವುದು ಹೇಗೆ? ಆದರೂ ಭಾಷೆಯ ಮಟ್ಟಿಗೆ ಅದು ಪ್ರಾಮಾಣಿಕ. ‘ಸಣ್ಣ’ ಎಂಬ ಪದವನ್ನು ಅದು ಒಳಗೆ ಬಿಟ್ಟುಕೊಂಡಿಲ್ಲ.

ಡಯಲ್ ಪರವಾಗಿ ವಾದವೂ ಇದೆ, ತಳ್ಳಿಹಾಕುವಂಥದ್ದಲ್ಲ. ದೊಡ್ಡ ಬಾಂಬನ್ನು ಯಾರೂ ಬಳಸಲಾರರು ಅಂತ ಎದುರಾಳಿಗೆ ಗೊತ್ತು, ಹಾಗಾಗಿ ಹೆದರುವುದಿಲ್ಲ. ಸಣ್ಣದಿದ್ದರೆ ಬಳಸಿಯಾರು ಅಂತ ನಂಬುತ್ತಾನೆ, ಹೆದರುತ್ತಾನೆ. ಜೊತೆಗೆ ಅಮಾಯಕರು ಕಡಿಮೆ ಸಾಯುತ್ತಾರೆ. ಸರಿ. ಆದರೆ ಹೆದರಿಕೆ ಹುಟ್ಟಬೇಕಾದರೆ ಬಳಸುವ ಮಾತು ನಿಜವಿರಬೇಕು. ಅಮೆರಿಕದ ನಿವೃತ್ತ ಜನರಲ್ ಜೇಮ್ಸ್ ಕಾರ್ಟ್‌ರೈಟ್, ಹೊಸ ಬಿ-61ರ ಬಗ್ಗೆ ಒಲವಿದ್ದವರು, ಸಣ್ಣದು ಮಾಡಿದಷ್ಟೂ ಬಳಸುವ ಯೋಚನೆ ಹತ್ತಿರವಾಗುತ್ತದೆ ಎಂಬುದನ್ನು 2016ರಲ್ಲಿ ಒಪ್ಪಿಕೊಂಡರು. ಮೇಲಾಗಿ, ಬೀಳುತ್ತಿರುವ ಬಾಂಬು ಯಾವ ಹಂತದಲ್ಲಿದೆ ಅಂತ ಕೆಳಗಿರುವವನಿಗೆ ಕಾಣುವುದಿಲ್ಲ. ಡಯಲ್ ತಿರುಗಿಸಿದವನ ಸಂಯಮ ಅವನೊಬ್ಬನಿಗೇ ಗೊತ್ತು.

ಬಾಂಬಿನ ಹಿಂದೆ ವಿಶೇಷಣ ಹಚ್ಚುವುದರಲ್ಲಿ ನಾವೂ ಹಳಬರೇ. 1974ರ ಮೇ 18ರ ಪೋಖರಣ್ ಪರೀಕ್ಷೆಯನ್ನು ಸರ್ಕಾರ ‘ಶಾಂತಿಯುತ ಅಣುಸ್ಫೋಟ’ ಅಂತ ಕರೆಯಿತು. ಅದರ ಮುಂದಾಳು ನಮ್ಮ ತುಮಕೂರಿನ ರಾಜಾ ರಾಮಣ್ಣ. ಅದು ಬಾಂಬೇ ಆಗಿತ್ತು ಅಂತ ಅವರು ಬಾಯಿಬಿಟ್ಟು ಹೇಳಿದ್ದು 1997ರಲ್ಲಿ. ‘ಶಾಂತಿಯುತ’ ಉದುರಲು 23 ವರ್ಷ ಹಿಡಿಯಿತು.

1998ರದ್ದು ಇನ್ನೂ ಕುತೂಹಲದ್ದು. ಮೇ 11 ಮತ್ತು 13ರಂದು ಸಿಡಿಸಿದ ಐದರಲ್ಲಿ ಮೂರು ಒಂದು ಕಿಲೋಟನ್ನಿಗಿಂತ ಕಡಿಮೆಯವು: 0.2, 0.5, 0.3. ದೊಡ್ಡದಾದ ಹೈಡ್ರೋಜನ್ ಬಾಂಬು 45 ಕಿಲೋಟನ್ ಅಂತ ಘೋಷಣೆ. ವಿನ್ಯಾಸವನ್ನು 200ರವರೆಗೆ ಏರಿಸಬಹುದು, ಹತ್ತಿರದ ಖೇತೋಲಾಯಿ ಹಳ್ಳಿಯ ಮನೆಗಳಿಗೆ ಧಕ್ಕೆ ಆಗಬಾರದು ಅಂತ ಇಷ್ಟಕ್ಕೇ ನಿಲ್ಲಿಸಿದೆವು ಅಂತ ಆರ್. ಚಿದಂಬರಂ ವಿವರಿಸಿದರು. 2009ರಲ್ಲಿ ಆ ತಂಡದಲ್ಲೇ ಇದ್ದ ಕೆ. ಸಂತಾನಂ ಅದು ಹೇಳಿದಷ್ಟು ಸಿಡಿಯಲೇ ಇಲ್ಲ ಅಂದರು. ಚಿದಂಬರಂ, ಕಾಕೋಡ್ಕರ್ ಇಬ್ಬರೂ ಅಲ್ಲಗಳೆದರು. ಜಗಳ ಯಾರ ಕಡೆಗಿರಲಿ, ನಮ್ಮ ದೇಶದಲ್ಲಿ ಒಂದು ಬಾಂಬಿನ ಬಲಕ್ಕೆ ಮಿತಿ ಯಾಕೆ ಅಂದಾಗ ಕೊಟ್ಟ ಕಾರಣ ಒಂದು ಹಳ್ಳಿಯ ಗೋಡೆಗಳು.

ಇದಕ್ಕಿಂತ ದೊಡ್ಡ ನಾಟಕ ಯಾವ ಸಿನಿಮಾಕ್ಕೆ ಬೇಕು? 2018ರಲ್ಲಿ ಬಂದ ‘ಪರಮಾಣು’ ಹಿಂದಿ ಚಿತ್ರದ ಉಸಿರೆಲ್ಲ ಅಮೆರಿಕದ ಉಪಗ್ರಹದ ಕಣ್ಣು ತಪ್ಪಿಸುವುದರಲ್ಲಿದೆ. ಗಡಿಯಾರ, ಗೂಢಚಾರರು, ಕೊನೆಗೆ ನಡುಗುವ ಮರಳು. ಜಾನ್ ಅಬ್ರಹಾಂ ಚೆನ್ನಾಗೇ ಬೆವರಿದ್ದಾರೆ. ಎಷ್ಟು ಸಿಡಿಸಬೇಕು, ಅಷ್ಟೇ ಯಾಕೆ, ಯಾರ ಮನೆ ನೋಡಿ ಆ ಅಂಕಿ ಬರೆದರು ಎಂಬುದು ಅದಕ್ಕೆ ಕಥೆಯಾಗಿ ಕಾಣಲಿಲ್ಲ. ಆ ಮಧ್ಯಾಹ್ನ ಖೇತೋಲಾಯಿಯವರನ್ನು ಮನೆಯಿಂದ ಹೊರಗೆ ಬಂದು ನಿಲ್ಲಿ ಅಂತ ಸೈನಿಕರು ಹೇಳಿದ್ದರು. ಮೂರೂಮುಕ್ಕಾಲರ ಹೊತ್ತಿಗೆ ಮೇ ತಿಂಗಳ ಬಿಸಿಲಿನಲ್ಲಿ ನೆಲ ಅಲುಗಿತು. ಒಳಗೆ ಹೋಗಿ ನೋಡಿದಾಗ ಹಲವು ಮನೆಗಳ ಗೋಡೆಗಳಲ್ಲಿ ಬಿರುಕು ಬಿಟ್ಟಿತ್ತು.