ಪರದೆಯ ಓತಿ, ತೋಟದ ಓತಿ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಅಚ್ಚಾದದ್ದು 1980ರಲ್ಲಿ. ವಿಕಾಸವಾದದ ಕಾದಂಬರಿಯೆಂದೂ, ವಿಜ್ಞಾನವು ನಿಸರ್ಗದ ನಿಗೂಢತೆಯ ಮುಂದೆ ನಿಂತ ಕಥೆಯೆಂದೂ ವಿಮರ್ಶಕರು ಅದನ್ನು ಬಗೆಬಗೆಯಾಗಿ ಓದಿದ್ದಾರೆ. ಆ ಓದುಗಳು ತಪ್ಪಲ್ಲ. ಆದರೆ ಮೊಬೈಲು, ಟ್ಯಾಬು, ಸ್ಮಾರ್ಟ್ ಕ್ಲಾಸುಗಳ ಈ ದಿನಗಳಲ್ಲಿ ಮತ್ತೆ ಕೈಗೆತ್ತಿಕೊಂಡಾಗ ನನಗೆ ಅದು ಮುಖ್ಯವಾಗಿ ಶಿಕ್ಷಣವನ್ನು ಕುರಿತ ಕೃತಿಯಾಗಿ ಕಂಡಿತು.

ಹಾಗೆ ಕಾಣಲು ಒಂದು ಸಣ್ಣ ಪ್ರಸಂಗ ಕಾರಣ. ಶೆಟ್ಟಿಕೊಪ್ಪದ ಸ್ನೇಹಿತರೊಬ್ಬರ ಮನೆಯ ಜಗಲಿಯಲ್ಲಿ ಅವರ ಮೊಮ್ಮಗಳು ಮೊಬೈಲಿನಲ್ಲಿ ಹಾರುವ ಓತಿಯ ಚಿತ್ರ ನೋಡುತ್ತಿದ್ದಳು. ಪಕ್ಕೆಲುಬುಗಳ ಮೇಲಿನ ತೊಗಲನ್ನು ಬಿಚ್ಚಿ ಅದು ಮರದಿಂದ ಮರಕ್ಕೆ ತೇಲುವುದು ಸೊಗಸಾಗಿ ಮೂಡಿತ್ತು. “ಇದು ಯಾವ ದೇಶದ್ದು ಅಜ್ಜಾ?” ಎಂದು ಕೇಳಿದಳು. ಅಜ್ಜ ಬಗ್ಗಿ ನೋಡಿ, “ನಮ್ಮ ತೋಟದಲ್ಲೇ ಇದೆಯಲ್ಲೇ ಮಾರಾಯ್ತಿ, ಅಡಿಕೆ ಮರದ ಮೇಲೆ” ಎಂದರು. ಅವರ ಮಾತು ನಿಜ. ಪಶ್ಚಿಮ ಘಟ್ಟದ ಅಡಿಕೆ ತೋಟಗಳು ಈ ಪ್ರಾಣಿಯ ನೆಚ್ಚಿನ ನೆಲೆ. ತೊಗಟೆಯ ಬಣ್ಣದಲ್ಲಿ ಬಣ್ಣವಾಗಿ ಕುಳಿತಿರುವುದರಿಂದ ನೋಡಬಲ್ಲವರಿಗೆ ಮಾತ್ರ ಕಾಣುತ್ತದೆ.

‘ಕರ್ವಾಲೊ’ದಲ್ಲಿ ಹಾಗೆ ನೋಡಬಲ್ಲವನು ಮಂದಣ್ಣ. ಜೇನಿನ ಮರ್ಮ ಬಲ್ಲ ಈ ಹಳ್ಳಿಗ ಊರಿನವರ ಕಣ್ಣಿಗೆ ನಿಷ್ಪ್ರಯೋಜಕ. ಹೆಸರಾಂತ ವಿಜ್ಞಾನಿಯಾದ ಕರ್ವಾಲೊ ಅವನ ಮಾತಿಗೆ ಕಿವಿಗೊಡುತ್ತಾರೆ. ಕಾದಂಬರಿಯ ನಿಜವಾದ ಘಟನೆ ಇದೇ. ಗುರು ಶಿಷ್ಯನಾಗುತ್ತಾನೆ, ಶಿಷ್ಯನಿಗೆ ತನ್ನ ತಿಳಿವಳಿಕೆಯ ಬೆಲೆ ಗೊತ್ತಾಗುತ್ತದೆ. ಕಾಡಿಗೆ ಹೋದ ತಂಡದಲ್ಲಿ ಪ್ರಭಾಕರನ ಕ್ಯಾಮೆರಾವೂ ಇದೆ. ಆದರೆ ಅದು ಮಂದಣ್ಣನ ಕಣ್ಣನ್ನು ಹಿಂಬಾಲಿಸುತ್ತದೆ. ಕೊನೆಗೆ ಓತಿ ಕೈಗೆ ಸಿಗದೆ ತೇಲಿಹೋಗುತ್ತದೆ. ಹುಡುಕಿದವರು ಬರಿಗೈಯಲ್ಲಿ ಹಿಂದಿರುಗಿದರೂ ಅಜ್ಞಾನಿಗಳಾಗಿ ಹಿಂದಿರುಗುವುದಿಲ್ಲ.

ತೇಜಸ್ವಿ ಯಂತ್ರದ್ವೇಷಿಯಾಗಿದ್ದರೆಂದು ಯಾರೂ ಭಾವಿಸಬೇಕಾಗಿಲ್ಲ. ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರ ತೆಗೆದವರು, ಕಂಪ್ಯೂಟರಿನಲ್ಲಿ ಕನ್ನಡ ನೆಲೆಗೊಳ್ಳಲೆಂದು ಶ್ರಮಿಸಿದವರು ಅವರು. ಯಂತ್ರ ಬೇಕೆ ಬೇಡವೆ ಎಂಬುದು ಅವರ ಪ್ರಶ್ನೆಯಲ್ಲ; ಯಾರು ಯಾರನ್ನು ಹಿಂಬಾಲಿಸಬೇಕೆಂಬುದು.

ಈ ಪ್ರಶ್ನೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ತೇಜಸ್ವಿಯವರ ತಂದೆ ಕುವೆಂಪು 1904ರಲ್ಲಿ ಜನಿಸಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. 1967ರಲ್ಲಿ ಪ್ರಕಟವಾದ ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿಯ ಬೈಸಿಕಲ್ಲು ಮಲೆನಾಡಿಗೆ ಕಾಲಿಡುತ್ತದೆ. ಜನ ಅದನ್ನು ತಾವು ಬಲ್ಲ ಬೀಸುವ ಕಲ್ಲಿಗೆ ಹೋಲಿಸಿ ಹೆಸರಿಡುತ್ತಾರೆ. ನಗೆ ತರಿಸುವ ಹೆಸರು. ಆದರೆ ಹೊಸದನ್ನು ತಮ್ಮ ಅನುಭವದ ಅಂಗಳಕ್ಕೆ ಎಳೆದುಕೊಳ್ಳುವ ಧೈರ್ಯ ಅದರಲ್ಲಿದೆ. ಬೈಸಿಕಲ್ಲಿನ ಬೆನ್ನಿಗೆ ಮತಾಂತರದ ಆಸೆಯೂ ಬಂದಿದೆ. ಯಂತ್ರ ಒಂಟಿಯಾಗಿ ಬರುವುದಿಲ್ಲವೆಂಬುದನ್ನು ಕುವೆಂಪು ಮರೆಮಾಚುವುದಿಲ್ಲ.

ಮೊಬೈಲೂ ನಮ್ಮ ಮಕ್ಕಳ ಬಳಿಗೆ ಒಂಟಿಯಾಗಿ ಬರಲಿಲ್ಲ. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಅದು ಬಂದದ್ದು ಶಾಲೆಯ ಬದಲಿಯಾಗಿ. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು, ಊರೂರಿನಲ್ಲಿ ‘ವಿದ್ಯಾಗಮ’ ನಡೆದವು. ಅವುಗಳ ಉಪಕಾರವನ್ನು ಮರೆಯಬಾರದು. ಆದರೆ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ ಮಲೆನಾಡಿನ ಮಕ್ಕಳನ್ನೂ ಮರೆಯಬಾರದು. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ತಂದೆಯ ಚಿತ್ರ ನಾಡಿನ ತುಂಬ ಹರಡಿತು. ತಂದೆಯ ವಾತ್ಸಲ್ಯವನ್ನು ಎಲ್ಲರೂ ಕೊಂಡಾಡಿದೆವು. ಆ ಮಗು ಮಳೆಯಲ್ಲಿ ಕೂರಬೇಕಾಗಿ ಬಂದದ್ದೇಕೆಂದು ಅಷ್ಟೇ ಗಟ್ಟಿಯಾಗಿ ಕೇಳಿದವರು ಎಷ್ಟು ಮಂದಿ?

ಸಿಗ್ನಲ್ ಸಿಕ್ಕ ಮಾತ್ರಕ್ಕೆ ಸಮಸ್ಯೆ ಮುಗಿಯಿತೆಂದು ನನಗನ್ನಿಸುವುದಿಲ್ಲ. ‘ವಚನ ಸಂಚಯ’ದಂಥ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ, ಒಂದು ಪದ ಕೊಟ್ಟರೆ ಅದು ಬಂದಿರುವ ಎಡೆಗಳನ್ನೆಲ್ಲ ಕ್ಷಣದಲ್ಲಿ ತೋರಿಸುತ್ತದೆ. ದೊಡ್ಡ ಗ್ರಂಥಾಲಯವಿಲ್ಲದ ಹಳ್ಳಿಯ ವಿದ್ಯಾರ್ಥಿಗೆ ಇದು ಭಾಗ್ಯವೇ ಸರಿ. ಆದರೆ ಪದ ಸಿಕ್ಕಿದ್ದು ವಚನ ದಕ್ಕಿದ್ದಲ್ಲ. ಯಾವ ಪದವನ್ನು ಏಕೆ ಹುಡುಕಬೇಕೆಂಬುದನ್ನು ತಾಣ ಹೇಳಿಕೊಡಲಾರದು. ಅದು ಮೇಷ್ಟ್ರ ಕೆಲಸ, ಜೊತೆಗೆ ಕುಳಿತು ಓದುವವರ ಕೆಲಸ.

ಹಾಗಾಗಿ ಶಾಲೆಗಳಿಗೆ ಪರದೆಗಳನ್ನು ಹಂಚುವವರನ್ನು ನಾನು ತಡೆಯಲಾರೆ. ಅವರು ಜೊತೆಗೆ ‘ಕರ್ವಾಲೊ’ದ ಒಂದೊಂದು ಪ್ರತಿಯನ್ನೂ ಹಂಚಿದರೆ ಸಂತೋಷ. ಓತಿಯನ್ನು ಪರದೆಯಲ್ಲಿ ತೋರಿಸಿದ ಮೇಷ್ಟ್ರು ಮರುದಿನ, “ನಿಮ್ಮ ತೋಟದಲ್ಲಿ ಎಷ್ಟು ಕಂಡಿರಿ? ಯಾವ ಹೊತ್ತಿನಲ್ಲಿ? ಏನು ತಿನ್ನುತ್ತಿದ್ದವು?” ಎಂದು ಕೇಳಲಿ. ಆಗ ಮೊಬೈಲು ಪ್ರಭಾಕರನ ಕ್ಯಾಮೆರಾದಂತೆ ಮಗುವಿನ ಕಣ್ಣಿನ ಹಿಂದೆ ನಡೆಯುತ್ತದೆ. ಹಾಗೆ ಕೇಳುವವರು ಇಲ್ಲದಿದ್ದರೆ ತೋಟದ ಮಗು ತನ್ನ ತೋಟವನ್ನೇ ಪರದೇಶವೆಂದು ತಿಳಿಯುತ್ತದೆ. ಅಜ್ಜ ಬಲ್ಲದ್ದು ಅಜ್ಜನೊಂದಿಗೇ ಮುಗಿಯುತ್ತದೆ.